ಕೊಂಗುನಾಡಿನಲ್ಲಿ ಕೆರೆ, ಗುಡಿ ಮತ್ತು ಹಕ್ಕಿ

ಕೊಯಮತ್ತೂರು ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಆಸ್ಪತ್ರೆ. ಆಮೇಲೆ ತೋಟಕ್ಕೆ ನೀರೆತ್ತುವ ಪಂಪು, ಅದಾದ ಮೇಲೆ ದೋಸೆಗೆ ರುಬ್ಬುವ ಗ್ರೈಂಡರು. ತಿರುಪ್ಪೂರು ಎಂದರೆ ಬನಿಯನು, ಅಷ್ಟಕ್ಕೆ ಮುಗಿಯಿತು. ಹೀಗಾಗಿ ಕಳೆದ ಜನವರಿಯಲ್ಲಿ ನಾವು ನಾಲ್ಕು ಮನೆಯವರು, ಮಕ್ಕಳೂ ಸೇರಿ ಹದಿನಾಲ್ಕು ಮಂದಿ, ಕೊಯಮತ್ತೂರಿಗೆ ಹೊರಟಿದ್ದೇವೆ ಎಂದಾಗ ನೆರೆಮನೆಯವರು ಕೇಳಿದ ಮೊದಲ ಪ್ರಶ್ನೆ, "ಯಾರಿಗೆ ಸೌಖ್ಯ ಇಲ್ಲ?" ಎಂದು. "ಎಲ್ಲರೂ ಸೌಖ್ಯವೇ, ಹಕ್ಕಿ ನೋಡಲಿಕ್ಕೆ ಹೋಗುವುದು" ಎಂದು ಹೇಳಿದೆವು. ಅವರು ಸ್ವಲ್ಪ ಹೊತ್ತು ನಮ್ಮ ಮುಖವನ್ನೇ ನೋಡಿ, "ಹಕ್ಕಿ ಇಲ್ಲಿ ಇಲ್ಲವೋ?" ಎಂದರು.

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ನಮಗೆ ಪ್ರವಾಸದ ಕೊನೆಗೆ ಸಿಕ್ಕಿತು. ಆ ಉತ್ತರವನ್ನು ಓದುಗರ ಮುಂದಿಡುವುದಕ್ಕಾಗಿಯೇ ಈ ಬರಹ.

ಕಾಸರಗೋಡಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಮಂಗಳೂರು–ಕೊಯಮತ್ತೂರು ಇಂಟರ್‌ಸಿಟಿ ರೈಲು ಹತ್ತಿದರೆ ಸಂಜೆಗೆ ಕೊಯಮತ್ತೂರು. ಶೋರನೂರಿನವರೆಗೂ ಕಿಟಕಿಯ ಹೊರಗೆ ನಮ್ಮ ಊರಿನದೇ ನೋಟ: ತೆಂಗು, ಕಂಗು, ಹೊಳೆ. ಪಾಲಕ್ಕಾಡು ದಾಟಿ ವಾಳಯಾರಿನ ಹತ್ತಿರ ಬಂದಾಗ ಎಡಬಲದ ಬೆಟ್ಟಗಳು ದೂರ ಸರಿದು, ನಡುವಿನ ಬಾಗಿಲಿನಿಂದ ರೈಲು ಒಣ ಬಯಲಿಗೆ ಇಳಿಯುತ್ತದೆ. ಪಶ್ಚಿಮ ಘಟ್ಟದ ಗೋಡೆಯಲ್ಲಿ ಸುಮಾರು ಮೂವತ್ತು ಕಿಲೋಮೀಟರು ಅಗಲದ ಈ ಕಿಂಡಿಯೇ ಪಾಲಕ್ಕಾಡು ಕಣಿವೆ. ಗಾಳಿ ಇದರಲ್ಲಿ ಧಾರಾಳವಾಗಿ ನುಗ್ಗುತ್ತದೆ, ಮಳೆ ಮಾತ್ರ ಬಹುಪಾಲು ಘಟ್ಟದ ಈಚೆಗೇ ಸುರಿದು ಮುಗಿಯುತ್ತದೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರು ಮಳೆ. ಕೊಯಮತ್ತೂರಿಗೆ ಅದರ ಐದನೆಯ ಒಂದು ಪಾಲು ಬಂದರೆ ಪುಣ್ಯ.

ಮಳೆ ಕಡಿಮೆಯಾದ ನಾಡಿನಲ್ಲಿ ನೀರುಹಕ್ಕಿಗಳು ಇಷ್ಟೊಂದು ಹೇಗೆ ಎಂದು ಕೇಳಬಹುದು. ಮಳೆ ಕಡಿಮೆಯಾದದ್ದರಿಂದಲೇ ಅಲ್ಲಿಯ ಹಿರಿಯರು ಕೆರೆ ಕಟ್ಟಿದರು. ಕೆರೆ ಕಟ್ಟಿದ್ದರಿಂದ ಹಕ್ಕಿ ಬಂತು.

ನೊಯ್ಯಲ್ ಎಂಬ ಬಡ ನದಿ

ಕೊಯಮತ್ತೂರಿನ ಪಶ್ಚಿಮಕ್ಕೆ ವೆಳ್ಳಿಯಂಗಿರಿ ಬೆಟ್ಟ. ಅಲ್ಲಿ ಹುಟ್ಟುವ ನೊಯ್ಯಲ್ ನದಿ ಕೊಯಮತ್ತೂರು, ತಿರುಪ್ಪೂರು, ಈರೋಡು ಜಿಲ್ಲೆಗಳನ್ನು ಹಾದು ಕರೂರು ಜಿಲ್ಲೆಯಲ್ಲಿ ತನ್ನದೇ ಹೆಸರಿನ ಹಳ್ಳಿಯ ಬಳಿ ಕಾವೇರಿಯನ್ನು ಸೇರುತ್ತದೆ. ವರ್ಷದ ಹೆಚ್ಚಿನ ಕಾಲ ಇದರಲ್ಲಿ ನೀರಿಗಿಂತ ಮರಳೇ ಹೆಚ್ಚು. ಮಳೆ ಬಂದ ನಾಲ್ಕು ದಿನ ಓಡಿಹೋಗುವ ನೀರನ್ನು ಹಿಡಿಯುವುದಕ್ಕೆ ಹಿಂದಿನವರು ನದಿಗೆ ಅಡ್ಡಲಾಗಿ ತಗ್ಗಾದ ಕಲ್ಲಿನ ಒಡ್ಡುಗಳನ್ನು ಹಾಕಿದರು. ಒಡ್ಡಿನಿಂದ ಕಾಲುವೆ, ಕಾಲುವೆಯಿಂದ ಕೆರೆ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಮುಂದಿನ ಕೆರೆಗೆ, ಅದು ತುಂಬಿದರೆ ಮತ್ತೊಂದಕ್ಕೆ. ಕೊನೆಗೆ ಉಳಿದದ್ದು ಪುನಃ ನದಿಗೆ. ಸರಪಣಿಯಲ್ಲಿ ಕೊಂಡಿಯಿದ್ದ ಹಾಗೆ. ಒಂದು ಕೊಂಡಿ ಕಳಚಿದರೆ ಕೆಳಗಿನದ್ದೆಲ್ಲ ಒಣಗುತ್ತದೆ. ನಮ್ಮ ಕಡೆಯಲ್ಲಿ ತೋಡಿಗೆ ಊರವರೆಲ್ಲ ಕೂಡಿ ಕಟ್ಟ ಕಟ್ಟುವುದನ್ನು ಬಲ್ಲವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಭಾಷೆಯ ಒಂದು ತಮಾಷೆಯನ್ನೂ ಇಲ್ಲಿ ಹೇಳಬೇಕು. ಕನ್ನಡದಲ್ಲಿ ಏರಿ ಎಂದರೆ ಕೆರೆಯ ದಂಡೆ, ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ನಮ್ಮ ಮಾರ್ಗದರ್ಶಿ ಫೋನಿನಲ್ಲಿ "ಏರಿಯ ಹತ್ತಿರ ನಿಲ್ಲಿ" ಎಂದಾಗ ನಾವು ದಂಡೆಯನ್ನು ಹುಡುಕಿದೆವು, ಆತ ನೀರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದ. ಎರಡೂ ಒಂದೇ ಕಡೆ ಇದ್ದದ್ದರಿಂದ ತೊಂದರೆಯಾಗಲಿಲ್ಲ.

ಉಕ್ಕಡದ ಬೆಳಗು

ಮರುದಿನ ಬೆಳಿಗ್ಗೆ ಆರು ಗಂಟೆಗೆ ಉಕ್ಕಡಂ ಪೆರಿಯಕುಳದ ದಂಡೆಯಲ್ಲಿ ನಿಂತಿದ್ದೆವು. ಇದು ಕೊಯಮತ್ತೂರು ಪಟ್ಟಣದ ನಡುವೆಯೇ ಇರುವ ದೊಡ್ಡ ಕೆರೆ. ಒಂದು ಬದಿಯಲ್ಲಿ ಬಸ್ಸುಗಳ ಗಲಾಟೆ, ಇನ್ನೊಂದು ಬದಿಯಲ್ಲಿ ಹೊಸದಾಗಿ ಮಾಡಿದ ನಡಿಗೆಯ ದಾರಿ. ಪಟ್ಟಣದ ಸುತ್ತ ವಾಲಾಂಕುಳ, ಸಿಂಗಾನಲ್ಲೂರು, ಕುರಿಚಿ, ಸೂಲೂರು ಎಂದು ಇಂತಹ ಕೆರೆಗಳ ಸಾಲೇ ಇದೆ.

ಮಾರ್ಗದರ್ಶಿ ಮೂವತ್ತರ ಆಸುಪಾಸಿನ ಯುವಕ. ವಾರದ ದಿನಗಳಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುತ್ತಾನೆ, ರಜೆಯ ದಿನ ಇಂತಹ ತಂಡಗಳನ್ನು ಕರೆದೊಯ್ಯುತ್ತಾನೆ. ಕುತ್ತಿಗೆಯಲ್ಲಿ ದುರ್ಬೀನು, ಕೈಯಲ್ಲಿ ಸಣ್ಣ ಟಿಪ್ಪಣಿ ಪುಸ್ತಕ. ನಾವು ಕೇರಳದಿಂದ ಬಂದವರೆಂದು ಆತ ಮಲಯಾಳದಲ್ಲಿ ಶುರು ಮಾಡಿದ. ಮಕ್ಕಳಿಗಾಗಿ ಹಕ್ಕಿಗಳ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಿದ. ಇಂಗ್ಲಿಷ್ ಶಾಲೆಯಲ್ಲಿ ಓದುವ ನಮ್ಮ ಮಕ್ಕಳು ಅದನ್ನೇ ಗಿಳಿಗಳ ಹಾಗೆ ಒಪ್ಪಿಸಿದರು.

ನೀರಿನಿಂದ ಎದ್ದು ಬಂದ ಒಂದು ಹಕ್ಕಿ ಒಣಮರದ ಕೊಂಬೆಯಲ್ಲಿ ಕುಳಿತು ರೆಕ್ಕೆಗಳನ್ನು ಬಿಸಿಲಿಗೆ ಹರಡಿತು. ಹಾವಿನಂತಹ ಉದ್ದ ಕತ್ತು, ಈಟಿಯಂತಹ ಕೊಕ್ಕು. ಆತ ಇಂಗ್ಲಿಷ್ ಹೆಸರು ಹೇಳುವ ಮೊದಲೇ ನಮ್ಮ ದೊಡ್ಡಮ್ಮ, ವಯಸ್ಸು ಎಪ್ಪತ್ತನಾಲ್ಕು, "ಅದು ಹಾವಕ್ಕಿ ಅಲ್ಲವೋ!" ಎಂದು ಕೂಗಿದರು.

ಆ ಯುವಕ ದುರ್ಬೀನು ಕೆಳಗಿಳಿಸಿ ಅವರ ಕಡೆ ತಿರುಗಿದ. "ಅಮ್ಮಾ, ನೀವು ಕನ್ನಡದೋರಾ? ನಮ್ಮ ಮನೇಲೂ ಕನ್ನಡವೇ!" ಎಂದ.

ಆತ ದೇವಾಂಗದವರ ಮನೆಯ ಹುಡುಗ. ನೇಯ್ಗೆ ಮನೆತನದ ಕಸುಬು; ಅಜ್ಜನವರೆಗೂ ಮಗ್ಗ ಇತ್ತು, ತಂದೆಯ ಕಾಲಕ್ಕೆ ನಿಂತಿತು. ಕೊಯಮತ್ತೂರಿನಲ್ಲಿ ಮನೆಯೊಳಗೆ ಕನ್ನಡ ಮಾತನಾಡುವ ದೇವಾಂಗ ಕುಟುಂಬಗಳು ಬಹಳವಿವೆ. ಚೌಡೇಶ್ವರಿ ಅವರ ಕುಲದೇವತೆ. ವಿಜಯನಗರದ ಕಾಲದಿಂದ ಮುಂದಕ್ಕೆ ಒಂದೊಂದು ಗುಂಪಾಗಿ ದಕ್ಷಿಣಕ್ಕೆ ಇಳಿದು ಬಂದವರೆಂದು ಅವರಲ್ಲಿ ಹೇಳಿಕೆ. ಅವರ ಮಾತಿನಲ್ಲಿ ತಮಿಳು ಸಾಕಷ್ಟು ಬೆರೆತಿದೆ, ನಮ್ಮ ಕಿವಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕಾಯಿತು. ಆದರೆ ಲಿಪಿ ಗೊತ್ತಿಲ್ಲ. ಕನ್ನಡದ ಒಂದಕ್ಷರ ಓದಲಾರ, ಬರೆಯಲಾರ. ಆತ ಹೋದ ಶಾಲೆಯಲ್ಲಿ ಕನ್ನಡ ಇರಲಿಲ್ಲ.

"ಮನೇಲಿ ಹಕ್ಕಿ ಹೆಸರು ಎಷ್ಟು ಗೊತ್ತು?" ಎಂದು ದೊಡ್ಡಮ್ಮ ಕೇಳಿದರು. ಆತ ಬೆರಳು ಮಡಿಸಿ ಎಣಿಸಿದ: ಕಾಗೆ, ಗುಬ್ಬಿ, ಗಿಳಿ, ಕೊಕ್ಕರೆ, ಕೋಳಿ. ಐದು. ಉಳಿದ ಇನ್ನೂರಕ್ಕೂ ಹೆಚ್ಚು ಹಕ್ಕಿಗಳು ಆತನಿಗೆ ತಮಿಳಿನಲ್ಲಿ ಗೊತ್ತು, ಇಂಗ್ಲಿಷಿನಲ್ಲಿ ಗೊತ್ತು. ಮನೆಯ ಮಾತಿನಲ್ಲಿ ಮಾತ್ರ ಅವು ಹೆಸರಿಲ್ಲದ ಹಕ್ಕಿಗಳು.

ನನಗೆ ಆಗ ನಾಚಿಕೆಯಾಯಿತು, ಏಕೆಂದರೆ ನಮ್ಮ ಮಕ್ಕಳನ್ನು ಕೇಳಿದರೂ ಸಂಖ್ಯೆ ಆರೋ ಏಳೋ ಆಗುತ್ತಿತ್ತು. ನಮಗೆ ಕನ್ನಡ ಶಾಲೆಯೂ ಇದೆ, ಪತ್ರಿಕೆಯೂ ಇದೆ, ಯಕ್ಷಗಾನವೂ ಇದೆ. ಆತನಿಗೆ ಇದ್ದದ್ದು ಅಜ್ಜಿ ಒಬ್ಬರೇ.

ಅಂದಿನಿಂದ ಪ್ರವಾಸದ ಸ್ವರೂಪವೇ ಬದಲಾಯಿತು. ಆತ ತೋರಿಸುವುದು, ದೊಡ್ಡಮ್ಮ ಹೆಸರು ಹೇಳುವುದು. ಅವರಿಗೆ ತಿಳಿಯದಿದ್ದಾಗ ನನ್ನ ಚೀಲದಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿ ಪುಕ್ಕ' ತೆಗೆದು ನೋಡುವುದು. ನನ್ನ ಮಗಳು ಆತನ ಪುಸ್ತಕದಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುವುದು, ಅದರ ಎದುರಿಗೆ ಆತ ಅದೇ ಹೆಸರನ್ನು ತಮಿಳು ಲಿಪಿಯಲ್ಲಿ ಬರೆದುಕೊಳ್ಳುವುದು. ಹಕ್ಕಿ ಹಾರಿಹೋದರೂ ಹೆಸರು ನಿಲ್ಲುತ್ತಿತ್ತು.

ಹೀಗೆ ಬರೆಯುವಾಗ ಒಂದು ಸಂಗತಿ ಕಂಡಿತು. ನಮ್ಮ ಹಾವಕ್ಕಿ ತಮಿಳಿನಲ್ಲಿ ಪಾಂಬುತ್ತಾರಾ, ಮಲಯಾಳದಲ್ಲಿ ಚೇರಕ್ಕೋಳಿ. ಮೂವರಿಗೂ ಅದರ ಕತ್ತಿನಲ್ಲಿ ಹಾವೇ ಕಂಡಿದೆ. ನೀರುಕಾಗೆ ಅಲ್ಲಿ ನೀರ್ಕಾಗಂ, ಮಲಯಾಳದಲ್ಲಿ ನೀರ್ಕಾಕ್ಕ. ಮೈಯೆಲ್ಲ ಕಪ್ಪಾಗಿ ಹಣೆಗೆ ಬಿಳಿಯ ನಾಮ ಎಳೆದುಕೊಂಡಿರುವ ನಾಮದ ಕೋಳಿ ತಮಿಳಿನಲ್ಲೂ ನಾಮಕ್ಕೋಳಿಯೇ. ಆದರೆ ಎಲೆಗಳ ಮೇಲೆ ಉದ್ದ ಬೆರಳೂರಿ ನಡೆಯುವ ಹಕ್ಕಿಯನ್ನು ತಮಿಳರು ಎಲೆಯ ಕೋಳಿ ಎಂದರು, ಮಲಯಾಳಿಗಳು ತಾವರೆಕೋಳಿ ಎಂದರು, ಕನ್ನಡದವರು ಮಾತ್ರ ದೇವನಕ್ಕಿ ಎಂದರು. ಮೀನು ಕೊತ್ತುವುದರಿಂದ ತಮಿಳರಿಗೆ ಮೀನ್‌ಕೊತ್ತಿಯಾದದ್ದು ನಮಗೆ ಮಿಂಚುಳ್ಳಿ. ಒಂದು ಹಕ್ಕಿಯನ್ನು ಅಕ್ಕಪಕ್ಕದ ಮೂರು ಜನಗಳು ಒಂದೊಂದು ಕಡೆಯಿಂದ ನೋಡಿದ್ದಾರೆ. ಒಂದು ಹೆಸರು ಮರೆತರೆ ಅದನ್ನು ನೋಡಿದ ಒಂದು ಬಗೆಯೂ ಹೋಗುತ್ತದೆ.

ಪೇರೂರಿನ ಗದ್ದೆಯಲ್ಲಿ ಶಿವ

ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು ಏಳು ಕಿಲೋಮೀಟರು ಹೋದರೆ ನೊಯ್ಯಲ್ ದಂಡೆಯಲ್ಲಿ ಪೇರೂರು. ಪಟ್ಟೀಶ್ವರ ಅಲ್ಲಿನ ದೇವರು. ಕರಿಕಾಲ ಚೋಳನ ಕಾಲದಿಂದ ಇದ್ದ ಕ್ಷೇತ್ರವೆಂದು ಪ್ರತೀತಿ. ಈಗ ಜನ ಬೆರಗಾಗಿ ನೋಡುವ ಕನಕಸಭೆಯನ್ನು 17ನೇ ಶತಮಾನದಲ್ಲಿ ಮಧುರೆಯ ನಾಯಕ ಮನೆತನದ ಅಳಗಾದ್ರಿ ನಾಯಕ ಕಟ್ಟಿಸಿದ. ಆಳೆತ್ತರ ಮೀರಿದ ಕಂಬಗಳಲ್ಲಿ ಊರ್ಧ್ವತಾಂಡವ, ಗಜಸಂಹಾರ, ವೀರಭದ್ರರ ವಿಗ್ರಹಗಳು. ಮಾಡಿನಿಂದ ತೂಗುವ ಕಲ್ಲಿನ ಸರಪಣಿಗಳನ್ನು ಕಂಡು ಮಕ್ಕಳು ಕತ್ತೆತ್ತಿ ನಿಂತುಬಿಟ್ಟರು. ಗೋಪುರದ ಸಂದುಗಳಲ್ಲಿ ಗಿಳಿಗಳ ಕಲರವ, ಪಾರಿವಾಳಗಳ ಸಂಸಾರ.

ಇಲ್ಲಿಯ ಸ್ಥಳಪುರಾಣ ಬೇಸಾಯಗಾರರಿಗೆ ಪ್ರಿಯವಾಗುವಂತಹದು. ಸುಂದರಮೂರ್ತಿ ನಾಯನಾರರು ದೇವರಲ್ಲಿ ಹೊನ್ನು ಬೇಡಲು ಬಂದರಂತೆ. ಶಿವನ ಕೈಯಲ್ಲಿ ಆಗ ಏನೂ ಇರಲಿಲ್ಲ. ಆತ ಪಾರ್ವತಿಯ ಜತೆ ಆಳಿನ ವೇಷದಲ್ಲಿ ಗದ್ದೆಗಿಳಿದು ನೇಜಿ ನೆಡುತ್ತಾ ಅಡಗಿಕೊಂಡನಂತೆ. ಆ ನೆನಪಿಗೆ ಈಗಲೂ ಆನಿ ತಿಂಗಳಲ್ಲಿ ನೇಜಿ ನೆಡುವ ಹಬ್ಬ ನಡೆಯುತ್ತದೆ. ಸಾಲಗಾರ ಬಂದಾಗ ಗದ್ದೆಗೆ ಇಳಿಯುವ ಉಪಾಯ ದೇವರಿಂದಲೇ ಬಂದದ್ದು ಎಂದು ನಮ್ಮ ಜತೆಯ ಕೃಷಿಕರೊಬ್ಬರು ಹೇಳಿದಾಗ ಎಲ್ಲರೂ ನಕ್ಕರು. ಈ ಸುಂದರಮೂರ್ತಿಗಳು ನಮಗೆ ಹೊಸಬರಲ್ಲ. ಹರಿಹರ ಕವಿ 'ನಂಬಿಯಣ್ಣನ ರಗಳೆ'ಯಲ್ಲಿ ಹಾಡಿದ ನಂಬಿಯಣ್ಣ ಇವರೇ.

ಪೇರೂರಿನಲ್ಲಿ ಎರಡು ಮರಗಳ ಕಥೆ ಹೇಳುತ್ತಾರೆ: ಸಾಯದ ತಾಳೆ, ಹುಟ್ಟದ ಹುಣಿಸೆ. ಆ ಹುಣಿಸೆಯ ಬೀಜ ಮೊಳೆಯುವುದಿಲ್ಲವಂತೆ, ಇಲ್ಲಿಗೆ ಬಂದವರಿಗೆ ಮತ್ತೆ ಜನ್ಮವಿಲ್ಲ ಎಂಬುದಕ್ಕೆ ಅದು ಗುರುತು. ನದಿಯ ಮೆಟ್ಟಿಲುಗಳಲ್ಲಿ ಪಿತೃಗಳಿಗೆ ತರ್ಪಣ ಬಿಡುವವರ ಸಾಲು. ಪಿಂಡ ಇಟ್ಟು ಕಾಗೆಯನ್ನು ಕರೆಯುವ ದನಿ ನಮ್ಮ ಊರಿನದೇ. "ಎಲ್ಲ ಹಕ್ಕಿಗಳ ಹೆಸರು ಮರೆತರೂ ಕಾಗೆಯದ್ದು ಮಾತ್ರ ಯಾರೂ ಮರೆಯಲಾರರು, ಕಡೆಗೆ ಬೇಕಾಗುವುದು ಅದೇ" ಎಂದರು ದೊಡ್ಡಮ್ಮ.

ಕೊಯಮತ್ತೂರಿನ ವಾಯವ್ಯಕ್ಕೆ ಆನೈಕಟ್ಟಿಯಲ್ಲಿ ಪಕ್ಷಿತಜ್ಞ ಸಾಲಿಂ ಅಲಿಯವರ ಹೆಸರಿನ ಸಂಶೋಧನ ಕೇಂದ್ರವಿದೆ. ಸಾಲಿಂ ಅಲಿ 1987ರಲ್ಲಿ ತೀರಿಕೊಂಡರು, ಕೇಂದ್ರ ಶುರುವಾದದ್ದು 1990ರಲ್ಲಿ. ಈಗ ಅದು ಭಾರತೀಯ ವನ್ಯಜೀವಿ ಸಂಸ್ಥೆಯ ಭಾಗ. ನಮ್ಮ ದಾರಿ ಪೂರ್ವಕ್ಕಿದ್ದುದರಿಂದ ದೂರದಿಂದಲೇ ಬೆಟ್ಟ ನೋಡಿ ತೃಪ್ತಿಪಟ್ಟೆವು.

ಅವಿನಾಶಿಯ ಮೊಸಳೆ

ಎರಡನೆಯ ದಿನ ತಿರುಪ್ಪೂರು ಜಿಲ್ಲೆ. 2009ರಲ್ಲಿ ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳ ಭಾಗಗಳನ್ನು ಸೇರಿಸಿ ಮಾಡಿದ ಜಿಲ್ಲೆಯಿದು. ಕೊಯಮತ್ತೂರಿನಿಂದ ಈಶಾನ್ಯಕ್ಕೆ ಸುಮಾರು ನಲವತ್ತು ಕಿಲೋಮೀಟರು ದೂರದಲ್ಲಿ ಅವಿನಾಶಿ.

ಅನಂತಪುರದ ಸರೋವರ ಕ್ಷೇತ್ರದ ಬಬಿಯಾ ಮೊಸಳೆಗೆ ಕೈಮುಗಿದು ಬೆಳೆದ ನಮ್ಮವರಿಗೆ ಅವಿನಾಶಿಯ ಕಥೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಸುಂದರಮೂರ್ತಿಗಳು ಈ ಊರಿನ ಬೀದಿಯಲ್ಲಿ ಬರುವಾಗ ಒಂದು ಮನೆಯಲ್ಲಿ ಉಪನಯನದ ಮಂಗಳವಾದ್ಯ, ಎದುರು ಮನೆಯಲ್ಲಿ ಅಳು. ಎರಡೂ ಮನೆಯ ಮಕ್ಕಳು ಸಮವಯಸ್ಕರು. ಒಟ್ಟಿಗೆ ಕೆರೆಗೆ ಹೋದವರಲ್ಲಿ ಒಬ್ಬನನ್ನು ವರ್ಷಗಳ ಹಿಂದೆ ಮೊಸಳೆ ನುಂಗಿತ್ತು. ಅವನಿದ್ದರೆ ಅವನಿಗೂ ಇಂದು ಉಪನಯನವಾಗುತ್ತಿತ್ತಲ್ಲ ಎಂದು ತಾಯಿಯ ಶೋಕ. ನಾಯನಾರರು ಬತ್ತಿದ ಕೆರೆಯ ದಂಡೆಯಲ್ಲಿ ನಿಂತು ಹಾಡಿದರು. ಕೆರೆ ತುಂಬಿತು, ಮೊಸಳೆ ಬಂತು, ಹುಡುಗನನ್ನು ಬೆಳೆದ ಪ್ರಾಯದಲ್ಲೇ ದಡಕ್ಕೆ ಬಿಟ್ಟಿತು. ಮೊಸಳೆಯ ಬಾಯಿಯಿಂದ ಮಗು ಹೊರಬರುವ ಶಿಲ್ಪವನ್ನು ನಮ್ಮ ಮಕ್ಕಳು ಮತ್ತೆ ಮತ್ತೆ ಹೋಗಿ ನೋಡಿದರು. ಬಬಿಯಾ 2022ರ ಅಕ್ಟೋಬರಿನಲ್ಲಿ ಸತ್ತು, ಮರುವರ್ಷ ಅದೇ ಸರೋವರದಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡ ಕಥೆಯನ್ನು ನಾವು ಮಾರ್ಗದರ್ಶಿಗೆ ಹೇಳಿದೆವು. ಕಥೆಗೆ ಕಥೆ ಸಲ್ಲಿಕೆಯಾಯಿತು.

ಈ ಪುರಾಣದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬತ್ತಿದ ಕೆರೆ ಎಂಬ ಮಾತು. ಸುಂದರಮೂರ್ತಿಗಳ ಕಾಲದ ಕಥೆಯಲ್ಲೂ ಅವಿನಾಶಿಯ ಕೆರೆಗೆ ನೀರಿಲ್ಲ! ಮಗು ಬರಬೇಕಾದರೆ ಮೊದಲು ನೀರು ಬರಬೇಕು. ಭವಾನಿ ನದಿಯ ಹೆಚ್ಚುವರಿ ನೀರನ್ನು ಈ ಒಣನಾಡಿನ ಕೆರೆಗಳಿಗೆ ತರಬೇಕೆಂದು ಇಲ್ಲಿಯ ರೈತರು ಅರವತ್ತು ವರ್ಷಗಳಿಗೂ ಮೇಲ್ಪಟ್ಟು ಕೇಳುತ್ತಾ ಬಂದರು. ಕೊನೆಗೆ ಅತ್ತಿಕ್ಕಡವು–ಅವಿನಾಶಿ ಯೋಜನೆ 2024ರ ಆಗಸ್ಟ್ 17ರಂದು ಉದ್ಘಾಟನೆಯಾಯಿತು. ಈರೋಡು, ತಿರುಪ್ಪೂರು, ಕೊಯಮತ್ತೂರು ಜಿಲ್ಲೆಗಳ 1,045 ಕೆರೆಕಟ್ಟೆಗಳಿಗೆ ಕೊಳವೆಯ ಮೂಲಕ ಒಂದೂವರೆ ಟಿ.ಎಂ.ಸಿ. ನೀರು ತುಂಬುವ ಯೋಜನೆಯಿದು. ಕೆರೆ ತುಂಬಿದ ಕಡೆ ಬಾವಿಯ ನೀರು ಮೇಲೆ ಬರುತ್ತದೆ, ಅದರ ಹಿಂದೆಯೇ ಹಕ್ಕಿ ಬರುತ್ತದೆ. ಹಕ್ಕಿಗೆ ಆಮಂತ್ರಣ ಪತ್ರ ಬೇಡ.

ಅವಿನಾಶಿಯಿಂದ ತಿರುಪ್ಪೂರಿನ ದಾರಿಯಲ್ಲಿ ತಿರುಮುರುಗನ್‌ಪೂಂಡಿ. ಚೇರಮಾನ್ ಪೆರುಮಾಳರು ಕೊಟ್ಟ ಹೊನ್ನನ್ನು ಹೊತ್ತು ಕೇರಳದಿಂದ ಹಿಂದಿರುಗುತ್ತಿದ್ದ ಸುಂದರಮೂರ್ತಿಗಳನ್ನು ಶಿವನ ಗಣಗಳು ಬೇಡರ ವೇಷದಲ್ಲಿ ಇಲ್ಲಿ ದೋಚಿದರಂತೆ. ಕೇರಳದಿಂದ ಬಂದ ನಾವು ನಮ್ಮ ಚೀಲಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆವು. ದೇವಾಲಯದ ಹಿಂದಿನ ಬಯಲಿನಲ್ಲಿ ಏಳೆಂಟು ನವಿಲುಗಳು ಮೇಯುತ್ತಿದ್ದವು. ಮುರುಗನ ವಾಹನವೆಂದು ಜನ ಕೈಮುಗಿಯುತ್ತಾರೆ, ಜೋಳ ಬಿತ್ತಿದ ರೈತ ಮಾತ್ರ ಅದೇ ಕೈಯಿಂದ ತಲೆಯ ಮೇಲೆ ಹೊಡೆದುಕೊಳ್ಳುತ್ತಾನೆ. ಈ ಸೀಮೆಯಲ್ಲಿ ನವಿಲು ಅಷ್ಟು ಹೆಚ್ಚಿದೆ.

ನಂಜರಾಯನ ಕೆರೆ

ಪ್ರವಾಸದ ಮುಕುಟ ತಿರುಪ್ಪೂರಿನ ಸಮೀಪ, ಊತ್ತುಕುಳಿ ದಾರಿಯಲ್ಲಿರುವ ಸರ್ಕಾರ್ ಪೆರಿಯಪಾಳಯಂ. ಗುಡಿಯೂ ಕೆರೆಯೂ ಒಂದೇ ಊರಿನಲ್ಲಿವೆ.

ಗುಡಿ ಸುಗ್ರೀವೇಶ್ವರನದು, ತಮಿಳಿನಲ್ಲಿ ಸುಕ್ರೀಶ್ವರರ್. ಸುಗ್ರೀವ ಇಲ್ಲಿ ಶಿವನನ್ನು ಪೂಜಿಸಿದನೆಂದು ಪ್ರತೀತಿ, ವಾನರ ಲಿಂಗಪೂಜೆ ಮಾಡುವ ಉಬ್ಬುಚಿತ್ರವೂ ಉಂಟು. ಹಳೆಯ ಹೆಸರು ಕುರಕ್ಕುತ್ತಳಿ, ಅಂದರೆ ಕಪಿಯ ಗುಡಿ. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಈ ದೇವಾಲಯಕ್ಕೆ ಎತ್ತರದ ಗೋಪುರವಿಲ್ಲ, ಅಂಗಡಿ ಸಾಲಿಲ್ಲ. ಬರಿಯ ಕಲ್ಲು, ಬರಿಯ ಮೌನ. ಇಲ್ಲಿ ಎರಡು ನಂದಿಗಳು. ಒಂದು ನಂದಿ ರಾತ್ರಿ ಎದ್ದುಹೋಗಿ ಹೊಲ ಮೇಯುತ್ತಿದ್ದುದರಿಂದ ಸಿಟ್ಟುಗೊಂಡ ರೈತ ಅದರ ಕಿವಿ ಕತ್ತರಿಸಿದನಂತೆ. ಆಮೇಲೆ ಇನ್ನೊಂದನ್ನು ಕೂರಿಸಿದರೂ ಹಳೆಯದನ್ನು ತೆಗೆಯಲಿಲ್ಲ ಎನ್ನುತ್ತಾರೆ.

ಅಲ್ಲಿಂದ ಸ್ವಲ್ಪ ದೂರದಲ್ಲಿ ನಂಜರಾಯನ ಕೆರೆ. ಹಲವು ಶತಮಾನಗಳ ಹಿಂದೆ ಇದನ್ನು ಜೀರ್ಣೋದ್ಧಾರ ಮಾಡಿಸಿದ ನಂಜರಾಯನೆಂಬ ಅರಸನ ಹೆಸರು ಇದಕ್ಕೆ ಉಳಿದಿದೆ. ನಂಜುಂಡ, ನಂಜರಾಜ ಎಂಬ ಹೆಸರುಗಳನ್ನು ಕೇಳಿ ಬೆಳೆದ ಕನ್ನಡದ ಕಿವಿಗೆ ಆ ಹೆಸರು ಪರಕೀಯವಾಗಿ ಕೇಳುವುದಿಲ್ಲ. ಈ ಸೀಮೆ 17ನೇ ಶತಮಾನದಿಂದ 1799ರಲ್ಲಿ ಟಿಪ್ಪು ಮಡಿಯುವವರೆಗೆ ಮೈಸೂರಿನ ಆಳ್ವಿಕೆಯಲ್ಲೂ ಇತ್ತು.

ನಲ್ಲಾರು ಎಂಬ ಹಳ್ಳದ ನೀರಿನಿಂದ ತುಂಬುವ ಈ ಕೆರೆಯ ವಿಸ್ತೀರ್ಣ ಸುಮಾರು 126 ಹೆಕ್ಟೇರು. 191 ಜಾತಿಯ ಹಕ್ಕಿಗಳನ್ನು ಇಲ್ಲಿ ಗುರುತಿಸಲಾಗಿದೆ. 2022ರಲ್ಲಿ ಇದು ತಮಿಳುನಾಡಿನ 17ನೆಯ ಪಕ್ಷಿಧಾಮವಾಯಿತು. 2024ರ ಆಗಸ್ಟಿನಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ರಾಮ್ಸಾರ್ ಎಂಬುದು ಇರಾನಿನ ಒಂದು ಊರು. ಲೋಕದ ಜೌಗು ನೆಲಗಳನ್ನು ಉಳಿಸಬೇಕೆಂದು 1971ರ ಫೆಬ್ರವರಿ 2ರಂದು ಅಲ್ಲಿ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡವು. ನಮ್ಮ ಕೇರಳದ ಅಷ್ಟಮುಡಿ, ಶಾಸ್ತಾಂಕೋಟೆ, ವೇಂಬನಾಡುಗಳು 2002ರಲ್ಲೇ ಅದರಲ್ಲಿ ಸೇರಿವೆ, ಕರ್ನಾಟಕದ ರಂಗನತಿಟ್ಟು 2022ರಲ್ಲಿ.

ಬೆಳಗಿನ ಮಂಜು ಏಳುವಾಗ ನಾವು ದಂಡೆಯ ಮೇಲೆ ಸಾಲಾಗಿ ಕುಳಿತೆವು. ದೋಣಿಯ ಹಾಗೆ ತೇಲುವ ಹೆಜ್ಜಾರ್ಲೆಗಳು, ಕೆಸರಿನಲ್ಲಿ ಕೊಕ್ಕಾಡಿಸುವ ಬಣ್ಣದ ಕೊಕ್ಕರೆಗಳು, ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ, ಮುಳುಗಿ ಮುಳುಗಿ ಎಲ್ಲೋ ಏಳುವ ಗುಳುಮುಳುಕ. ಮಾರ್ಗದರ್ಶಿ ಕೈ ಎತ್ತಿ ಸುಮ್ಮನಿರಲು ಸನ್ನೆ ಮಾಡಿದ. ದೂರದ ತಿಟ್ಟಿನ ಮೇಲೆ ಬೂದು ಬಣ್ಣದ ಹತ್ತಾರು ದೊಡ್ಡ ಹಕ್ಕಿಗಳು, ಬಿಳಿಯ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಪಟ್ಟೆತಲೆ ಹೆಬ್ಬಾತುಗಳು! ಮಂಗೋಲಿಯ, ಟಿಬೆಟ್ಟುಗಳ ಸರೋವರಗಳಲ್ಲಿ ಮರಿಮಾಡಿ, ಚಳಿಗಾಲಕ್ಕೆ ಹಿಮಾಲಯವನ್ನೇ ದಾಟಿ ದಕ್ಷಿಣಕ್ಕೆ ಬರುವ ಅತಿಥಿಗಳಿವು. ಏಳು ಸಾವಿರ ಮೀಟರಿಗೂ ಮಿಕ್ಕ ಎತ್ತರದಲ್ಲಿ ಇವು ಹಾರುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ದೊಡ್ಡಮ್ಮನಿಗೂ ಇದು ಹೊಸದು. "ಪಾಪ, ಅಷ್ಟು ದೂರದಿಂದ ಬಂದಿದ್ದಾವೆ, ಕೆರೆ ಇಲ್ಲದಿದ್ದರೆ ಎಲ್ಲಿ ಇಳಿಯುವುದು?" ಎಂದರು.

ಆ ಮಾತಿಗೆ ಮಾರ್ಗದರ್ಶಿ ಉತ್ತರ ಕೊಡಲಿಲ್ಲ, ಒಂದು ಕಥೆ ಹೇಳಿದ. ಬನಿಯನಿಗೆ ಬಣ್ಣ ಹಾಕುವ ಕಾರ್ಖಾನೆಗಳ ಕೊಳೆ ಅನೇಕ ವರ್ಷ ನೊಯ್ಯಲಿಗೆ ಹರಿಯಿತು. ಕೆಳಗಿನ ಒರತ್ತುಪಾಳಯದಲ್ಲಿ ವ್ಯವಸಾಯಕ್ಕೆಂದು 1992ರಲ್ಲಿ ಕಟ್ಟಿದ ಅಣೆಕಟ್ಟು ಆ ಕೊಳೆಯ ತೊಟ್ಟಿಯಾಯಿತು. ನೀರಿಗಾಗಿ ಕಾದಿದ್ದ ರೈತರೇ ಆ ನೀರು ಬೇಡವೆಂದು ನ್ಯಾಯಾಲಯಕ್ಕೆ ಹೋಗಬೇಕಾಯಿತು. ಕೊಳೆ ಹೊರಬಿಡದಂತೆ ಶುದ್ಧಿ ಮಾಡುವವರೆಗೆ ಬಣ್ಣದ ಘಟಕಗಳನ್ನು ಮುಚ್ಚಬೇಕೆಂದು 2011ರಲ್ಲಿ ಮದ್ರಾಸು ಉಚ್ಚ ನ್ಯಾಯಾಲಯ ಆಜ್ಞೆ ಮಾಡಿತು. ನಾವು ತೊಟ್ಟಿದ್ದ ಅಂಗಿಗಳ ಬಣ್ಣದ ಬೆಲೆ ಯಾರು ಕೊಟ್ಟರೆಂದು ಆಗ ತಿಳಿಯಿತು.

1956ರ ಗೆರೆ

ಸಂಜೆ ಆತ ನಮ್ಮನ್ನು ತನ್ನ ಮನೆಗೆ ಕರೆದ. ಹದಿನಾಲ್ಕು ಮಂದಿಗೆ ಕಾಫಿ ಮಾಡಲು ಆ ಪುಟ್ಟ ಮನೆಯಲ್ಲಿ ಲೋಟ ಸಾಲದೆ ಪಕ್ಕದ ಮನೆಯಿಂದ ತಂದರು. ಆತನ ಅಜ್ಜಿ ದೊಡ್ಡಮ್ಮನ ಕೈಹಿಡಿದು ಕೂರಿಸಿಕೊಂಡರು. ಇಬ್ಬರೂ ತಮ್ಮ ತಮ್ಮ ಕನ್ನಡದಲ್ಲಿ ಮಾತನಾಡಿದರು, ಒಬ್ಬರ ಮಾತು ಇನ್ನೊಬ್ಬರಿಗೆ ಮುಕ್ಕಾಲು ಪಾಲು ತಿಳಿಯಿತು, ಉಳಿದ ಕಾಲು ಪಾಲನ್ನು ನಗುವಿನಲ್ಲಿ ತೀರಿಸಿದರು.

ನಾನು ಆತನಿಗೆ 1956ರ ಕಥೆ ಹೇಳಿದೆ. ಅಂದು ಕಾಸರಗೋಡೂ ಕೊಯಮತ್ತೂರೂ ಒಂದೇ ಮದ್ರಾಸು ರಾಜ್ಯದಲ್ಲಿದ್ದವು. ನವೆಂಬರ್ 1ರಂದು ಗೆರೆ ಎಳೆದಾಗ ಕೊಯಮತ್ತೂರು ಜಿಲ್ಲೆಯ ಕನ್ನಡದ ಕೊಳ್ಳೇಗಾಲ ತಾಲೂಕು ಮೈಸೂರಿಗೆ ಹೋಯಿತು. ಅದೇ ದಿನ ದಕ್ಷಿಣ ಕನ್ನಡದ ಕಾಸರಗೋಡು ಕೇರಳಕ್ಕೆ ಬಂತು. ಕನ್ನಡದವರೇ ಹೆಚ್ಚಿದ್ದ ತಾಳವಾಡಿ ತಮಿಳುನಾಡಿನಲ್ಲೇ ಉಳಿಯಿತು, ಈಗ ಅದು ಈರೋಡು ಜಿಲ್ಲೆಯಲ್ಲಿದೆ. ಪಟ್ಟಣದ ಮಗ್ಗದ ಮನೆಗಳ ಕನ್ನಡಕ್ಕೆ ಯಾವ ಗೆರೆಯ ಲೆಕ್ಕವೂ ಇರಲಿಲ್ಲ. ಆತ ಎಲ್ಲವನ್ನೂ ಕೇಳಿ, "ನಿಮಗೆ ಓದೋಕೆ ಬರ್ತದೆ. ಅದು ದೊಡ್ಡದು ಸಾರ್" ಎಂದ. ನಾನು ಅದಕ್ಕೆ ಏನೂ ಹೇಳಲಿಲ್ಲ.

ಹೋಗುವವರಿಗೆ, ಹೋಗದವರಿಗೆ

ಹೋಗಲಿಚ್ಛಿಸುವವರು ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಬೇಕು, ವಲಸೆ ಹಕ್ಕಿಗಳು ಆಗ ಸಿಗುತ್ತವೆ. ಸೂರ್ಯ ಏರುವ ಮೊದಲೇ ಕೆರೆಯ ದಂಡೆಯಲ್ಲಿರಬೇಕು. ಬಿಸಿಲೇರಿದ ಮೇಲೆ ಗುಡಿಗಳನ್ನು ನೋಡಬಹುದು. ಮಧ್ಯಾಹ್ನ ದೇವಾಲಯಗಳ ಬಾಗಿಲು ಮುಚ್ಚುವುದನ್ನು ನೆನಪಿಡಿ. ಕೆಂಪು, ಹಳದಿ ಬಟ್ಟೆ ಬೇಡ, ಮಣ್ಣಿನ ಬಣ್ಣವೇ ವಾಸಿ. ಮಾತು ಕಡಿಮೆ ಇರಲಿ. ಸ್ಥಳೀಯ ಮಾರ್ಗದರ್ಶಿಯನ್ನು ಕರೆದುಕೊಳ್ಳಿ, ಆತನ ಶ್ರಮಕ್ಕೆ ತಕ್ಕ ಹಣ ಕೊಡಿ.

ಹೋಗಲಾಗದವರಿಗೂ ಒಂದು ಮಾತು. ನೆರೆಮನೆಯವರ ಪ್ರಶ್ನೆ ನೆನಪಿದೆಯಷ್ಟೆ: "ಹಕ್ಕಿ ಇಲ್ಲಿ ಇಲ್ಲವೋ?" ಇದೆ. ಕುಂಬಳೆ ಸಮೀಪದ ಕಿದೂರು ಪಕ್ಷಿಗಳ ಊರೆಂದೇ ಹೆಸರಾಗಿದೆ. 2023ರಲ್ಲಿ ನಮ್ಮ ಜಿಲ್ಲಾ ಪಂಚಾಯತು ಬಿಳಿಹೊಟ್ಟೆಯ ಕಡಲ ಹದ್ದನ್ನು ಜಿಲ್ಲೆಯ ಪಕ್ಷಿಯೆಂದು ಸಾರಿದೆ. ಗುಡ್ಡದ ಮುರಕಲ್ಲಿನ ಮೇಲೆ ಮಳೆನೀರು ನಿಲ್ಲುವ ಪಳ್ಳಗಳು, ಬಯಲಿನ ಮದಕಗಳು ಇವೆಲ್ಲ ನಮ್ಮ ನಂಜರಾಯನ ಕೆರೆಗಳೇ. ನಾನು ಹುಡುಗನಾಗಿದ್ದಾಗ ಈಜು ಕಲಿತ ಪಳ್ಳವನ್ನು ಹತ್ತು ವರ್ಷಗಳ ಹಿಂದೆ ಮಣ್ಣು ಹಾಕಿ ತುಂಬಿದರು. ಊರವರು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿ ಬರುತ್ತಿದ್ದ ಹಕ್ಕಿಗಳ ಹೆಸರು ಗೊತ್ತಿದ್ದರೆ ಕೇಳುತ್ತಿದ್ದೆನೋ ಏನೋ. ಹೆಸರು ಗೊತ್ತಿಲ್ಲದವರ ಮನೆ ಮುರಿದರೆ ಕೇಳುವವರು ಕಡಿಮೆ.

ಮೊನ್ನೆ ಕೊಯಮತ್ತೂರಿನಿಂದ ಫೋನಿಗೆ ಒಂದು ಧ್ವನಿ ಸಂದೇಶ ಬಂತು. ಮಾರ್ಗದರ್ಶಿಯ ಐದು ವರ್ಷದ ಮಗಳು ಹೆಸರು ಹೇಳುತ್ತಿದ್ದಾಳೆ: ಕಾಗೆ, ಗುಬ್ಬಿ, ಗಿಳಿ, ಕೊಕ್ಕರೆ, ಕೋಳಿ, ಹಾವಕ್ಕಿ, ನೀರುಕಾಗೆ, ಮಿಂಚುಳ್ಳಿ... ಹಿಂದಿನಿಂದ ಮುದಿ ದನಿಯೊಂದು ತಿದ್ದುತ್ತಿದೆ. ನಮ್ಮ ದೊಡ್ಡಮ್ಮ ಅದನ್ನು ಮೂರು ಸಲ ಹಾಕಿಸಿ ಕೇಳಿದರು, ಬೆರಳು ಮಡಿಸಿ ಎಣಿಸಿದರು. ಇಪ್ಪತ್ತಮೂರು.

"ದೇವನಕ್ಕಿ ಬಿಟ್ಟುಹೋಗಿದೆ. ಅವನಿಗೆ ಹೇಳು" ಎಂದರು.